ಬೆನ್ನಿಗೆ ಮಣ್ಣು ಹತ್ತದ ಜಟ್ಟಿ

“ಸಾರ್, ನಾಳೆ ಸಾಕಮ್ಮನ ಆಪರೇಶನ್ ನನಗೆ ಕೊಡ್ತೀರಾ?”

ಇಂಚರ ಇಷ್ಟನ್ನೂ ಒಂದೇ ಉಸಿರಿಗೆ ಕೇಳಿಬಿಟ್ಟು, ಆಮೇಲೆ ಉಸಿರು ತೆಗೆದುಕೊಂಡಳು. ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲು ಹತ್ತಿ ಓಡಿ ಬಂದಿದ್ದಳು. ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುವುದಕ್ಕೂ ಅವಳಿಗೆ ಪುರಸೊತ್ತು ಸಿಕ್ಕಿರಲಿಲ್ಲ.

ಇಂಚರ ಎಂಬಿಬಿಎಸ್ ಮುಗಿಸಿ ಈಗ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ವೈದ್ಯೆ. ಅವಳು ಕೇಳಿದ್ದು ತನ್ನ ಗುರುಗಳಾದ ಡಾಕ್ಟರ್ ಮರಿಸ್ವಾಮಿಯವರನ್ನು. ಅವರು ಕಿಟಕಿಯ ಪಕ್ಕ ಕೂತು ಹುರಿಗಡಲೆಯ ಪೊಟ್ಟಣ ಬಿಚ್ಚಿಕೊಂಡಿದ್ದರು. ಮರಿಸ್ವಾಮಿಯವರು ಶಿಷ್ಯರನ್ನು ಬೈಯುವವರಲ್ಲ, ತಪ್ಪು ಕಂಡರೆ ಕತೆ ಹೇಳುತ್ತಾರೆ. ಅದಕ್ಕಿಂತ ನಾಲ್ಕು ಬೈದು ಕಳಿಸಿದರೆ ವಾಸಿ ಎಂದು ಹಾಸ್ಟೆಲಿನಲ್ಲಿ ಮಾತು. ಬೈಗುಳ ಸಂಜೆಯ ಕಾಫಿಯ ಹೊತ್ತಿಗೆ ಮರೆತುಹೋಗುತ್ತದೆ, ಕತೆ ಮದುವೆಯಾಗಿ ಮಕ್ಕಳಾದರೂ ಬಿಡುವುದಿಲ್ಲವಂತೆ.

“ಯಾಕೆ ಕೊಡಬೇಕು ಹೇಳು,” ಎಂದರು ಗುರುಗಳು.

“ಯಾಕೆ ಅಂದ್ರೆ, ಸಾರ್, ಬೋರ್ಡ್ ನೋಡಿ ಸಾರ್!”

ಅವರು ಕೂತಿದ್ದ ಕೋಣೆಗೆ ಬಾಗಿಲ ಮೇಲಿನ ಫಲಕದಲ್ಲಿ ‘ಸಿಮ್ಯುಲೇಶನ್ ಲ್ಯಾಬ್’ ಎಂದು ಹೆಸರು, ಹುಡುಗರ ಬಾಯಲ್ಲಿ ‘ಆಟದ ಮನೆ’. ಹೊಟ್ಟೆಯನ್ನು ಅಗಲಕ್ಕೆ ಕೊಯ್ಯದೆ, ಬೆರಳು ತೂರುವಷ್ಟು ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಉಳಿದವುಗಳಲ್ಲಿ ಉದ್ದುದ್ದ ಕಡ್ಡಿಯಂಥ ಉಪಕರಣ ಇಳಿಸಿ, ಕಣ್ಣನ್ನು ಪರದೆಯ ಮೇಲಿಟ್ಟು ಒಳಗಿನ ಕೆಲಸ ಮುಗಿಸುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಬಾಗಿಲ ಸಂದಿಯಿಂದ ಕಡ್ಡಿ ಹಾಕಿ ಒಳಗಿನ ಚಿಲಕ ತೆಗೆದ ಹಾಗೆ ಎನ್ನಿ. ವ್ಯತ್ಯಾಸ ಇಷ್ಟೆ: ಚಿಲಕಕ್ಕೆ ರಕ್ತ ಬರುವುದಿಲ್ಲ.

ಇಲ್ಲಿಗೆ ಬಂದ ಹೊಸಬರು ಮೊದಲು ಒಂದು ಪೆಟ್ಟಿಗೆಯೊಳಗೆ ಕಡ್ಡಿ ತೂರಿಸಿ ಅವರೆಕಾಳನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ಸಾಗಿಸಬೇಕು. ಕೈಯನ್ನು ಬಲಕ್ಕೆ ಸರಿಸಿದರೆ ಕಡ್ಡಿಯ ತುದಿ ಎಡಕ್ಕೆ ಹೋಗುತ್ತದೆ. ಎಂಬಿಬಿಎಸ್‌ನಲ್ಲಿ ಚಿನ್ನದ ಪದಕ ತೆಗೆದವರೂ ಇಲ್ಲಿ ಅವರೆಕಾಳಿನ ಮುಂದೆ ಅಳುಮುಖ ಮಾಡಿಕೊಂಡು ನಿಲ್ಲುತ್ತಾರೆ. ಕಾಳು ಒಲಿದ ಮೇಲೆ ಕೋಳಿಯ ಚರ್ಮಕ್ಕೆ ಹೊಲಿಗೆ, ಅದಾದ ಮೇಲೆ ದೊಡ್ಡ ಯಂತ್ರ. ಆ ಯಂತ್ರದ ಪರದೆಯಲ್ಲಿ ಒಂದು ಹೊಟ್ಟೆ ಇದೆ. ಅದರೊಳಗೆ ಯಕೃತ್ತು ಮಿರುಗುತ್ತದೆ, ಕರುಳು ಅಲುಗುತ್ತದೆ, ಹಿಡಿದು ಎಳೆದರೆ ಕೈಗೆ ಜಗ್ಗಿದ ಹಾಗಾಗುತ್ತದೆ. ತಪ್ಪಾಗಿ ಕತ್ತರಿಸಿದರೆ ರಕ್ತ ಬರುತ್ತದೆ. ಕೆಲಸ ಮುಗಿದ ಮೇಲೆ ಯಂತ್ರ ಅಂಕ ಕೊಡುತ್ತದೆ, ಅಂಕ ಗೋಡೆಯ ಬೋರ್ಡಿನ ಮೇಲೆ ಏರುತ್ತದೆ.

ಬೋರ್ಡಿನ ತುದಿಯಲ್ಲಿ ಇಂಚರಳ ಹೆಸರಿತ್ತು. ಅದೂ ಎಂಥ ಎತ್ತರದಲ್ಲಿ! ಎರಡನೆಯವನು ಎಲ್ಲೋ ಕೆಳಗೆ, ಬಸ್ಸು ತಪ್ಪಿಸಿಕೊಂಡವನಂತೆ ನಿಂತಿದ್ದ. ಅವಳಿಗಿಂತ ಮುಂಚೆ ಈ ಕಾಲೇಜಿನಲ್ಲಿ ಓದಿ ಹೋದವರಲ್ಲೂ ಯಾರೂ ಆ ಅಂಕ ಮುಟ್ಟಿರಲಿಲ್ಲ. ಇಂಚರ ಅದನ್ನು ನೋಡಿದಾಗಲೆಲ್ಲ ಅವಳ ಕೈಬೆರಳು ತಾವಾಗಿಯೇ ಕತ್ತರಿ ಆಡಿಸುತ್ತಿದ್ದವು. ಊಟಕ್ಕೆ ಕೂತರೂ ಆಡಿಸುತ್ತಿದ್ದವು. ಯಂತ್ರದ ಹೊಟ್ಟೆ ಸಾಕಾಗಿತ್ತು ಅವಳಿಗೆ. ನಿಜವಾದದ್ದು ಬೇಕಿತ್ತು.

ನಿಜವಾದದ್ದು ಕೆಳಗಿನ ವಾರ್ಡಿನಲ್ಲೇ ಇತ್ತು. ಸಾಕಮ್ಮ ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ ಗಾಡಿಯಲ್ಲಿ ಇಡ್ಲಿ ಮಾರುವ ಹೆಂಗಸು. ಈ ಆಸ್ಪತ್ರೆಯ ಅರ್ಧ ಡಾಕ್ಟರುಗಳು ಅವಳ ಚಟ್ನಿ ತಿಂದು ಡಾಕ್ಟರಾದವರು. ಅವಳ ಪಿತ್ತಕೋಶದಲ್ಲಿ ಕಲ್ಲು ಸೇರಿ, ನೋವು ಬಂದಾಗ ಗಾಡಿಯ ಪಕ್ಕದಲ್ಲೇ ಮುದುರಿಕೊಂಡು ಕೂರುವ ಹಾಗಾಗಿತ್ತು. ನಾಳೆ ಬೆಳಗ್ಗೆ ಅದನ್ನು ತೆಗೆಯುವುದೆಂದು ನಿಶ್ಚಯವಾಗಿತ್ತು. ಇಂಚರ ರಕ್ತದೊತ್ತಡ ನೋಡಲು ಹೋದಾಗ ಸಾಕಮ್ಮ ಅವಳ ಕೈ ಹಿಡಿದುಕೊಂಡು ಹೇಳಿದ್ದಳು:

“ನೀನೇ ಮಾಡವ್ವ. ನನ್ ಇಡ್ಲಿ ತಿಂದಿರೋ ಕೈ, ನಂಗೆ ಮೋಸ ಮಾಡಕಿಲ್ಲ. ಬಿರ್‍ರನೆ ಎದ್ದು ಗಾಡಿ ತಾವ ಹೋಗೋ ಹಂಗೆ ಮಾಡ್ಬುಡು.”

ಆ ಮಾತು ಕೇಳಿದ ಮೇಲೆ ಇಂಚರಳಿಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ನೇರ ಮೆಟ್ಟಿಲು ಹತ್ತಿದ್ದಳು.

“ಬೋರ್ಡ್ ನೋಡಿದೆ,” ಎಂದರು ಗುರುಗಳು, ಎರಡು ಹುರಿಗಡಲೆ ಬಾಯಿಗೆ ಹಾಕಿಕೊಂಡು. “ಚೆನ್ನಾಗಿದೆ. ರಕ್ತ?”

“ಒಂದು ತೊಟ್ಟೂ ಇಲ್ಲ ಸಾರ್! ಒಂದು ಆಪರೇಶನ್ನಲ್ಲೂ ಇಲ್ಲ!”

“ಭಲೆ. ಮಾಡು, ನೋಡೋಣ.”

ಇಂಚರ ಯಂತ್ರದ ಮುಂದೆ ನಿಂತಳು. ಗುರುಗಳು ಎದ್ದು ಬಂದು ಅದರ ಮೇಲೆ ಏನೋ ಒಂದೆರಡು ಕಡೆ ಒತ್ತಿ ಪಕ್ಕಕ್ಕೆ ಸರಿದರು. ಪರದೆ ಬೆಳಗಿತು. ಅವಳ ಎಡಗೈಯ ಕಡ್ಡಿ ಪಿತ್ತಕೋಶದ ತುದಿ ಹಿಡಿದು ಮೇಲಕ್ಕೆತ್ತಿತು. ಬಲಗೈಯದು ಪೊರೆ ಬಿಡಿಸತೊಡಗಿತು. ಪಿತ್ತಕೋಶವನ್ನು ಒಳಗೆ ಕಟ್ಟಿಹಾಕಿರುವುದು ಮುಖ್ಯವಾಗಿ ಎರಡು ಎಳೆಗಳು. ಒಂದು ಪಿತ್ತ ಹರಿಯುವ ನಾಳ, ಇನ್ನೊಂದು ರಕ್ತ ಹರಿಯುವ ನಾಳ. ಎರಡನ್ನೂ ಸರಿಯಾಗಿ ಗುರುತಿಸಿ, ಕ್ಲಿಪ್ ಹಾಕಿ, ಕತ್ತರಿಸಿದರೆ ಗೆದ್ದ ಹಾಗೆ. ಇಂಚರಳ ಕೈ ಹಾಗೆ ಹರಿಯುವುದನ್ನು ನೋಡುವುದೇ ಒಂದು ಸುಖ. ಆತುರವಿಲ್ಲ, ತಡವೂ ಇಲ್ಲ. ಗುರುಗಳು ಹುರಿಗಡಲೆ ಮೆಲ್ಲುವುದನ್ನು ನಿಲ್ಲಿಸಿ ನೋಡಿದರು. ಅದನ್ನು ಓರೆಗಣ್ಣಿನಲ್ಲಿ ಕಂಡು ಅವಳ ಎದೆ ಇನ್ನಷ್ಟು ಹಿಗ್ಗಿತು.

ಆದರೆ ಗುರುಗಳು ಮುಂಚೆಯೇ ಯಂತ್ರಕ್ಕೆ ಬೇರೆ ಬಗೆಯ ಹೊಟ್ಟೆ ಹಾಕು ಎಂದು ಹೇಳಿಬಿಟ್ಟಿದ್ದರು. ಮನುಷ್ಯರ ಮುಖ ಒಂದೇ ಥರ ಇರುವುದಿಲ್ಲವಲ್ಲ, ಒಳಗೂ ಹಾಗೇ. ಈ ಹೊಟ್ಟೆಯಲ್ಲಿ ರಕ್ತನಾಳ ಇರಬೇಕಾದ ಜಾಗದಲ್ಲಿರದೆ ಪೊರೆಯ ಹಿಂದೆ ಅಡಗಿ ಕೂತಿತ್ತು. ಇಂಚರಳ ಕಡ್ಡಿಯ ತುದಿ ಅದಕ್ಕೆ ತಾಗಿತು, ಪರದೆಯ ಮೂಲೆಯಲ್ಲಿ ಕೆಂಪು ಚಿಮ್ಮಿತು.

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಬಲಗೈ ಉಪಕರಣ ಬಿಟ್ಟು ಯಂತ್ರದ ಬದಿಯಲ್ಲಿದ್ದ ಒಂದು ಗುಂಡಿಯ ಕಡೆ ಹಾರಿತು. ಅಲ್ಲಿ ಆಗಲೇ ಗುರುಗಳ ಅಂಗೈ ಇತ್ತು.

“ಸಾರ್, ಕೈ ತೆಗೀರಿ ಸಾರ್! ಪುನರ್ಜನ್ಮ!”

ಆ ಗುಂಡಿಗೆ ಹಾಸ್ಟೆಲಿನವರು ಇಟ್ಟ ಹೆಸರು ‘ಪುನರ್ಜನ್ಮ’. ಅದನ್ನು ಒತ್ತಿದರೆ ನಡೆಯುತ್ತಿದ್ದ ಆಪರೇಶನ್ ಅಳಿಸಿಹೋಗಿ ಹೊಚ್ಚ ಹೊಸ ಹೊಟ್ಟೆ ಎದುರಿಗೆ ಬರುತ್ತದೆ. ಮುಗಿಯದ ಕೆಲಸಕ್ಕೆ ಯಂತ್ರ ಅಂಕ ಕೊಡುವುದಿಲ್ಲ, ಕಳೆಯುವುದೂ ಇಲ್ಲ. ಅದಕ್ಕೇ ರಕ್ತ ಕಂಡ ಕೂಡಲೇ ಪುನರ್ಜನ್ಮ ಕೊಟ್ಟುಬಿಡುವುದು. ಸೀನಿಯರುಗಳು ಜೂನಿಯರುಗಳಿಗೆ ಮೊದಲ ದಿನವೇ ಕಿವಿಯಲ್ಲಿ ಊದುವ ಮಂತ್ರ ಅದು. ಎಲ್ಲರೂ ಮಾಡುತ್ತಿದ್ದರು, ಯಾರಿಗೂ ಅದು ಕಳ್ಳತನ ಅನ್ನಿಸಿರಲಿಲ್ಲ. ಇಂಚರ ಎಲ್ಲದರಲ್ಲೂ ಚುರುಕು, ಇದರಲ್ಲೂ ಅವಳೇ ಚುರುಕು.

“ಇರಲಿ ಬಿಡು, ರಕ್ತ ಬರಲಿ,” ಎಂದರು ಗುರುಗಳು. “ಈಗ ಏನು ಮಾಡ್ತೀಯ?”

ಏನು ಮಾಡಬೇಕೆಂದು ಪುಸ್ತಕದಲ್ಲಿತ್ತು, ಅದು ಅವಳಿಗೆ ಬಾಯಿಪಾಠವೂ ಆಗಿತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಕ್ಯಾಮೆರಾಕ್ಕೆ ರಕ್ತ ಹಾರಿ ಪರದೆ ಮಂಜಾಯಿತು. ಆ ಮಂಜಿನಲ್ಲಿ ಅವಳು ಕ್ಲಿಪ್ಪುಗಳನ್ನು ಕೈಗೆ ಬಂದ ಕಡೆ ಹಾಕಿದಳು. ಒಂದು ಕ್ಲಿಪ್ಪು ಮುಟ್ಟಲೇಬಾರದ ದೊಡ್ಡ ಪಿತ್ತನಾಳಕ್ಕೇ ಬಿತ್ತು. ಇನ್ನಷ್ಟು ಕೆಂಪು. ಅವಳ ಹಣೆಯ ಬೆವರು ಕಣ್ಣಿಗಿಳಿಯಿತು. ಸ್ವಲ್ಪ ಹೊತ್ತಿಗೆ ಯಂತ್ರ ಸಣ್ಣದೊಂದು ಸದ್ದು ಮಾಡಿ, ರೋಗಿ ಉಳಿಯಲಿಲ್ಲವೆಂದು ತಣ್ಣಗೆ ತಿಳಿಸಿತು.

ಇಂಚರ ಸುಮ್ಮನಾಗುವ ಜಾತಿಯವಳಲ್ಲ.

“ಇದು ಲೆಕ್ಕಕ್ಕಿಲ್ಲ ಸಾರ್! ಅಂಥ ಹೊಟ್ಟೆ ಸಾವಿರಕ್ಕೊಬ್ಬರಿಗೆ ಇರುತ್ತೇನೋ. ಸಾಕಮ್ಮನ ಸ್ಕ್ಯಾನ್ ನಾನು ನೋಡಿದೀನಿ, ಏನೂ ತೊಂದರೆ ಇಲ್ಲ. ಬೋರ್ಡಿನ ಮೇಲೆ ನಾನೇ ಮೊದಲು ಅಲ್ವಾ? ಮತ್ತೆ ಯಾಕೆ ಸಾರ್ ಕೊಡಬಾರದು? ಅದೊಂದು ಹೇಳಿ.”

ಮರಿಸ್ವಾಮಿಯವರು ಕುರ್ಚಿ ಎಳೆದು ಕೂತರು. ಹುರಿಗಡಲೆಯ ಪೊಟ್ಟಣವನ್ನು ಅವಳ ಕಡೆ ತಳ್ಳಿದರು. ಕತೆ ಬರುತ್ತಿದೆ ಎಂದು ಇಂಚರಳಿಗೆ ಗೊತ್ತಾಯಿತು. ಬೈಸಿಕೊಳ್ಳುವ ಯೋಗವಂತೂ ಇಲ್ಲ. ಆದರೂ ಕತೆ ಹೇಳುತ್ತಾರೆಂದರೆ ಇಲ್ಲ ಎಂದು ಖಡಾಖಂಡಿತ ಹೇಳಲಿಲ್ಲವೆಂದೇ ಅರ್ಥ! ಅವಳು ಸ್ಟೂಲಿನ ಅಂಚಿಗೆ ಬಂದು ಕೂತಳು. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಗರಡಿ ಇತ್ತು. ಗರಡಿಗೆ ಒಬ್ಬ ಗುರು. ಗುರುವಿಗೆ ಹಲವರು ಶಿಷ್ಯರು.

ಗರಡಿಯ ನಡುವೆ ಕೆಮ್ಮಣ್ಣಿನ ಕಣ. ಆ ಮಣ್ಣನ್ನು ಗುರು ತಾನೇ ಜರಡಿ ಹಿಡಿಯುತ್ತಿದ್ದ. ಒಂದು ಹರಳೂ ಉಳಿಯಲು ಬಿಡುತ್ತಿರಲಿಲ್ಲ. ಮಣ್ಣಿಗೆ ಎಣ್ಣೆ ಹಾಕುತ್ತಿದ್ದ, ಮಜ್ಜಿಗೆ ಹಾಕುತ್ತಿದ್ದ, ಅರಿಶಿನ ಬೆರೆಸುತ್ತಿದ್ದ. ಬೆಳಗಾದರೆ ಗುದ್ದಲಿ ಹಿಡಿದು ಅಗೆದು ಮೆದು ಮಾಡುತ್ತಿದ್ದ. ಅವನ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಮನೆಯ ಹಾಸಿಗೆಯ ಹತ್ತಿ ಗಂಟುಗಟ್ಟಿಹೋಗಿದೆ, ಅದನ್ನು ಬಿಡಿಸಲು ಈ ಗಂಡಸಿಗೆ ಬಿಡುವಿಲ್ಲ, ಮಣ್ಣನ್ನು ಮಾತ್ರ ಬಾಣಂತಿಯ ಹಾಸಿಗೆಯಂತೆ ನೋಡಿಕೊಳ್ಳುತ್ತಾನೆ ಎನ್ನುತ್ತಿದ್ದಳು. ಗುರು ನಕ್ಕು ಮತ್ತೆ ಗುದ್ದಲಿ ಎತ್ತುತ್ತಿದ್ದ.

ಆ ಗರಡಿಗೆ ಒಬ್ಬ ಹುಡುಗ ಬಂದು ಸೇರಿದ. ಮೈಯಲ್ಲಿ ಬಲವಿತ್ತು, ಕಾಲಿನಲ್ಲಿ ವೇಗವಿತ್ತು. ಒಂದು ಪಟ್ಟನ್ನು ಒಮ್ಮೆ ತೋರಿಸಿದರೆ ಸಾಕು, ಮರುದಿನ ಅದನ್ನು ಗುರುವಿಗಿಂತ ಚೆನ್ನಾಗಿ ಹಾಕುತ್ತಿದ್ದ. ಇಂಥ ಶಿಷ್ಯ ಸಿಗುವುದು ಪುಣ್ಯವೆಂದು ಗುರು ಸಂತೋಷಪಟ್ಟ.

ಒಂದು ದಿನ ಜೊತೆಗಾರನೊಂದಿಗೆ ಸೆಣಸುವಾಗ ಹುಡುಗನ ಕಾಲು ಜಾರಿತು. ಬೀಳುವ ಮೊದಲೇ ಅವನು ಕೂಗಿದ: “ನಿಲ್ಲು, ಮೊದಲಿಂದ!” ಜೊತೆಗಾರ ಹಿಡಿತ ಬಿಟ್ಟ. ಇಬ್ಬರೂ ಮೊದಲಿನಿಂದ ಸೆಣಸಿದರು. ಹುಡುಗ ಗೆದ್ದ.

ಅಂದಿನಿಂದ ಅದು ರೂಢಿಯಾಯಿತು. ಹಿಡಿತ ತಪ್ಪಿದರೆ “ನಿಲ್ಲು, ಮೊದಲಿಂದ.” ಕಾಲು ಸೋತರೆ “ನಿಲ್ಲು, ಮೊದಲಿಂದ.” ಅವನು ಗರಡಿಯ ಹೆಮ್ಮೆಯಾಗಿದ್ದುದರಿಂದ ಜೊತೆಗಾರರು ಬೇಡವೆನ್ನಲಿಲ್ಲ. ಸೆಣಸಾಟ ಮುಗಿದ ಮೇಲೆ ಉಳಿದವರು ಬಾವಿಯ ಕಟ್ಟೆಯಲ್ಲಿ ಸಾಲಾಗಿ ಕೂತು ಒಬ್ಬರ ಬೆನ್ನನ್ನು ಒಬ್ಬರು ಉಜ್ಜಿಕೊಳ್ಳುತ್ತಿದ್ದರು. ಅವನು ಕೈಕಾಲು ತೊಳೆದುಕೊಂಡು ಮನೆಗೆ ಹೋಗುತ್ತಿದ್ದ. ಅವನ ಬೆನ್ನಿನಲ್ಲಿ ತೊಳೆಯುವಂಥದ್ದು ಏನೂ ಇರುತ್ತಿರಲಿಲ್ಲ.

ಊರಿನವರು ಅವನಿಗೆ ‘ಬೆನ್ನಿಗೆ ಮಣ್ಣು ಹತ್ತದ ಜಟ್ಟಿ’ ಎಂದು ಹೆಸರಿಟ್ಟರು. ಪರಊರಿಗೆ ಹೋದರೆ ತಮ್ಮ ಬೆನ್ನೇ ಅದು ಎನ್ನುವಂತೆ ಹೇಳಿಕೊಂಡರು.

ಗುರು ಒಂದು ಬೆಳಗ್ಗೆ ಮಣ್ಣು ಅಗೆಯುತ್ತ ಅವನನ್ನು ಕೇಳಿದ: “ಈ ಮಣ್ಣನ್ನು ನಾನು ದಿನವೂ ಏಕೆ ಮೆದು ಮಾಡುತ್ತೇನೆ, ಬಲ್ಲೆಯಾ?”

“ಬೀಳುವವರಿಗೆ ನೋವಾಗದಿರಲೆಂದು, ಗುರುಗಳೇ. ಗಟ್ಟಿ ನೆಲವಾದರೂ ನನಗೆ ಚಿಂತೆಯಿಲ್ಲ,” ಎಂದ ಹುಡುಗ.

ಗುರು ಗುದ್ದಲಿ ಅವನ ಕೈಗೆ ಕೊಟ್ಟ. ಹುಡುಗ ಇಡೀ ಕಣವನ್ನು ತಾನೇ ಅಗೆದು ಹದ ಮಾಡಿದ. ಅಗೆಯುವುದರಲ್ಲೂ ಅವನ ಸಮಕ್ಕೆ ಯಾರೂ ಇರಲಿಲ್ಲ. ಆದರೆ ಗುರು ಹೇಳಬಂದದ್ದು ಅದನ್ನಲ್ಲ.

ಪಕ್ಕದ ಸೀಮೆಯಲ್ಲಿ ಕುಸ್ತಿ ಏರ್ಪಾಟಾಯಿತು. ಅಲ್ಲಿಗೆ ಒಬ್ಬ ಜಟ್ಟಿ ಬಂದಿದ್ದ. ಅವನು ದೊಡ್ಡ ಹೆಸರಿನವನಲ್ಲ. ಅವನು ಬೀಳದ ಊರಿಲ್ಲವೆಂದು ಜನ ನಗುತ್ತಿದ್ದರು. ಇವನು ಎಂದೂ ಬೀಳದವನು, ಅವನು ಎಲ್ಲೆಲ್ಲೂ ಬಿದ್ದವನು. ಜೋಡಿ ಕಟ್ಟಿದರು. ತಮಟೆ ಬಡಿಯಿತು. ಮರಗಳ ಮೇಲೆಲ್ಲ ಜನ.

ಹುಡುಗ ಮೊದಲ ಪಟ್ಟಿಗೇ ಅವನನ್ನು ಎತ್ತಿ ಒಗೆದ. ಜನ ಕೂಗಿದರು. ಆದರೆ ಆ ಜಟ್ಟಿ ಗಾಳಿಯಲ್ಲೇ ಹೊರಳಿ ಹೊಟ್ಟೆಯ ಮೇಲೆ ಬಿದ್ದ, ಎದ್ದು ನಿಂತ. ಬೆನ್ನು ನೆಲಕ್ಕೆ ತಾಗಲಿಲ್ಲ, ಕುಸ್ತಿ ಮುಗಿಯಲಿಲ್ಲ. ಮತ್ತೆ ಎತ್ತಿ ಒಗೆದ. ಮತ್ತೆ ಹೊರಳಿದ, ಮತ್ತೆ ಎದ್ದ. ಒಗೆದು ಒಗೆದು ಹುಡುಗನಿಗೇ ಏದುಸಿರು ಹತ್ತಿತು. ಬಿದ್ದವನು ಧೂಳು ಕೊಡವಿಕೊಂಡು ಹೊಸಬನಂತೆ ಎದುರಿಗೆ ಬಂದ.

ಆಗ ಹುಡುಗನ ಕಾಲು ಜಾರಿತು.

ಅವನ ಬಾಯಿ ತಾನಾಗಿ ತೆರೆಯಿತು: “ನಿಲ್ಲು, ಮೊದಲಿಂದ!”

ಆ ಜಟ್ಟಿಗೆ ಆ ಮಾತು ತಿಳಿಯಲಿಲ್ಲ. ಅವನಿಗೆ ಯಾವ ಊರಿನಲ್ಲೂ ಯಾರೂ ಹಾಗೆ ಹೇಳಿರಲಿಲ್ಲ. ಅವನು ಕೈಬಿಡದೆ ಹೊತ್ತು ಹಾಕಿದ. ಹುಡುಗನಿಗೆ ಹೊರಳಲು ಬರಲಿಲ್ಲ. ತೋಳನ್ನು ಸೆಟೆಸಿ ನೆಲಕ್ಕೆ ಊರಿದ. ಆ ಊರಿನ ನೆಲವನ್ನು ಯಾರೂ ಜರಡಿ ಹಿಡಿದಿರಲಿಲ್ಲ. ತೋಳು ಮುರಿಯಿತು, ಬೆನ್ನು ನೆಲಕ್ಕೆ ಬಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಭಾಗ್ಯವೂ ಅವನಿಗಿರಲಿಲ್ಲ, ಏಕೆಂದರೆ ಮೀಸೆ ಇನ್ನೂ ಚಿಗುರುತ್ತಿತ್ತು.

ಗಾಡಿಯಲ್ಲಿ ಮಲಗಿಸಿಕೊಂಡು ಊರಿಗೆ ಕರೆದೊಯ್ಯುವಾಗ ಹುಡುಗ ಅತ್ತ. “ನನಗೆ ಎಲ್ಲ ಪಟ್ಟೂ ಬರುತ್ತಿತ್ತು, ಗುರುಗಳೇ. ಬೀಳುವುದೊಂದನ್ನು ನೀವು ಹೇಳಿಕೊಡಲಿಲ್ಲ,” ಎಂದ.

“ಅದನ್ನು ಹೇಳಿಕೊಡುವುದು ನಾನಲ್ಲ, ಮಣ್ಣು,” ಎಂದ ಗುರು. “ನೀನು ಅದನ್ನು ಒಂದು ದಿನವೂ ಮಾತನಾಡಿಸಲಿಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಪೊಟ್ಟಣದಲ್ಲಿ ಹುರಿಗಡಲೆ ಹಾಗೇ ಇತ್ತು. ಇಂಚರ ಒಂದನ್ನೂ ಮುಟ್ಟಿರಲಿಲ್ಲ.

ಮೀಸೆಯ ಮಾತಿಗೆ ಅವಳು ನಕ್ಕಿದ್ದಳು. ತೋಳು ಮುರಿದಾಗ ತನ್ನ ತೋಳನ್ನೇ ಹಿಡಿದುಕೊಂಡಿದ್ದಳು. ಕತೆ ಯಾರದೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಪುನರ್ಜನ್ಮದ ಗುಂಡಿಯನ್ನು ನೋಡಿದಳು. ಅದನ್ನು ಒತ್ತಿ ಒತ್ತಿ ಅದರ ಮೇಲಿದ್ದ ಅಕ್ಷರ ಅಳಿಸಿಹೋಗಿತ್ತು. ಈ ಯಂತ್ರದೊಳಗೆ ತಾನು ಎಷ್ಟು ಹೊಟ್ಟೆಗಳನ್ನು ರಕ್ತ ಸೋರುವಾಗಲೇ ಬಿಟ್ಟು ಎದ್ದು ಹೋಗಿದ್ದೇನೆ! ಒಂದರಲ್ಲಾದರೂ ನಿಂತು ನೋಡಿದ್ದರೆ? ಅವಳ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು, ನಿಜ. ಆದರೆ ಆ ನಾಚಿಕೆಯ ಬೆನ್ನಿಗೇ ಇನ್ನೊಂದು ಯೋಚನೆ ಹೊಳೆಯಿತು. ಹೊಳೆದದ್ದೇ ತಡ, ಅವಳು ಸ್ಟೂಲಿನಿಂದ ಎದ್ದೇಬಿಟ್ಟಳು. ಲೆಕ್ಕದ ಉತ್ತರ ಸಿಕ್ಕ ಮಕ್ಕಳ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ.

“ಗೊತ್ತಾಯ್ತು ಸಾರ್! ಪೂರ್ತಿ ಗೊತ್ತಾಯ್ತು! ಬೀಳೋಕೆ ಹೆದರಬಾರದು, ಅಷ್ಟೇ ಅಲ್ವಾ? ಬೀಳದೇ ಇರೋನು ಜಟ್ಟಿ ಅಲ್ಲ, ಬಿದ್ದು ಏಳೋನೇ ಜಟ್ಟಿ. ನಾನು ಹೆದರ್‍ಕೊಂಡು ಆ ಗುಂಡಿ ಒತ್ತಾ ಇದ್ದೆ ಸಾರ್. ಅಂಕ ಹೋಗುತ್ತೆ ಅಂತ ಹೆದರಿಕೆ. ಇನ್ನು ಇಲ್ಲ. ಬಿದ್ರೆ ಬೀಳ್ತೀನಿ ಸಾರ್!”

“ಹೂಂ,” ಎಂದರು ಗುರುಗಳು.

“ಆ ಹುಡುಗನಿಗೂ ತೋಳು ಮುರಿದದ್ದೇ ಪಾಠ ಆಯ್ತು. ಕೂಡಿಕೊಂಡ ಮೇಲೆ ಮುಂದಿನ ಕುಸ್ತೀಲಿ ಅವನೇ ಗೆದ್ದಿರ್‍ತಾನೆ, ನೀವು ಹೇಳಲಿಲ್ಲ ಅಷ್ಟೆ. ಗಟ್ಟಿ ನೆಲದ ಮೇಲೆ ಬಿದ್ದು ಕಲಿತದ್ದು ಜನ್ಮದಲ್ಲಿ ಮರೆಯಲ್ಲ ಸಾರ್. ನಂಗೂ ಹಾಗೇ ಆಗಲಿ. ನಾಳೆ ಕೊಡಿ ಸಾರ್ ನಂಗೆ. ನೀವು ಪಕ್ಕದಲ್ಲೇ ನಿಂತಿರ್‍ತೀರಲ್ಲ. ಎಲ್ಲಾ ಸರಿಹೋದ್ರೆ ಹೋಯ್ತು. ಇಲ್ಲ ಅಂದ್ರೆ ಬಿದ್ದೇ ಬಿಡ್ತೀನಿ, ಬಿದ್ದೇ ಕಲಿತೀನಿ. ನಂಗೇನೂ ಭಯ ಇಲ್ಲ!”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳಿಗೆ ನಿಜಕ್ಕೂ ಭಯವಿರಲಿಲ್ಲ. ಬೆರಳು ಮತ್ತೆ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದವು. ಕಣ್ಣು ಹೊಳೆಯುತ್ತಿದ್ದವು. ಇಷ್ಟು ಚೆನ್ನಾಗಿ ಕತೆಯ ಸಾರ ಹಿಡಿದ ಶಿಷ್ಯೆಗೆ ಗುರುಗಳು ಇನ್ನೇನು ಹೂಂ ಅಂದೇ ಅನ್ನುತ್ತಾರೆಂದು ಅವಳು ಕಾದು ನಿಂತಳು.

ಮರಿಸ್ವಾಮಿಯವರು ಅವಳನ್ನು ಕೋಪವಿಲ್ಲದೆ ನೋಡಿದರು.

“ಗರಡೀಲಿ ಬಿದ್ದೋನ ಬೆನ್ನು ಬಿದ್ದೋನದೇ, ತಾಯಿ, ನಾಳೆ ಬೀಳೋದು ನೀನು, ಬೆನ್ನು ಸಾಕಮ್ಮಂದು.”

ಇಂಚರಳ ಬೆರಳು ಕತ್ತರಿ ಆಡಿಸುವುದನ್ನು ನಿಲ್ಲಿಸಿದವು.